ಸೂಜಿ ಏಳುವ ಊರು

ಎಡಗೈಯ ಎರಡು ಬೆರಳುಗಳಿಗೆ ಯಂತ್ರದ ಪಟ್ಟಿ ಕಟ್ಟಿಸಿಕೊಂಡು ಕೂತ ಮೇಲೆ ದಿನಕರನಿಗೆ ತಾನು ಉಗುರು ಕತ್ತರಿಸಿಕೊಂಡಿಲ್ಲವೆಂಬುದು ಕಂಡಿತು. ಕಂಡ ಮೇಲೆ ಅದೊಂದೇ ಕಾಣತೊಡಗಿತು. ಪಟ್ಟಿ ಕಟ್ಟುತ್ತಿದ್ದ ಜಯಶ್ರೀಯೂ ನೋಡಿರಬಹುದು, ನೋಡಿ ಏನೂ ಅಂದುಕೊಂಡಿರಲಿಕ್ಕಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅಟೆಂಡರನ ಉಗುರು ನೋಡುವಷ್ಟು ಪುರುಸೊತ್ತು ಯಾವ ವಿದ್ಯಾರ್ಥಿಗಿರುತ್ತದೆ? ಆದರೂ ಅವನು ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡ. "ಕೈ ಸಡಿಲ ಬಿಡಿ ದಿನಕರಣ್ಣ," ಅಂದಳು ಅವಳು. ಬಿಟ್ಟ. ಕುಮಟೆಯ ಈ ಕಾಲೇಜಿನ ಮನಃಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವನು ಇದೇ ಸ್ಟೂಲಿನ ಮೇಲೆ, ಇದೇ ಯಂತ್ರಕ್ಕೆ ಬೆನ್ನು ಹಾಕಿ ಕೂತಿದ್ದಾನೆ. ಯಂತ್ರಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿದೆ. ಹುಡುಗರು ಬೆವರಿನ ಪೆಟ್ಟಿಗೆ ಅನ್ನುತ್ತಾರೆ. ಮನಸ್ಸಿನಲ್ಲಿ ಬಚ್ಚಿಟ್ಟದ್ದರ ಹೆಸರು ಕಿವಿಗೆ ಬಿದ್ದರೆ ಬೆರಳ ತುದಿ ಕಣ್ಣಿಗೆ ಕಾಣದಷ್ಟು ಬೆವರುತ್ತದೆ, ಆ ಬೆವರಿಗೆ ಪೆಟ್ಟಿಗೆಯ ಸೂಜಿ ಏಳುತ್ತದೆ. ಐದು ಚೀಟಿಯಲ್ಲಿ ಒಂದನ್ನು ಅವನು ಎತ್ತಿ ಓದಿ ಜೇಬಿಗೆ ಹಾಕಿಕೊಳ್ಳಬೇಕು. ವಿದ್ಯಾರ್ಥಿ ಐದೂ ಹೆಸರುಗಳನ್ನು ಮೂರು ಸುತ್ತು ಓದಬೇಕು, ಸೂಜಿ ನೋಡಿ ಅವನ ಜೇಬಿನಲ್ಲಿ ಯಾವುದಿದೆ ಎಂದು ಹೇಳಬೇಕು. ಬಾಯಿ ಬಿಡುವಂತಿಲ್ಲ. ಬಾಯಿ ಬಿಡದೆ ಸಂಬಳ ತೆಗೆದುಕೊಳ್ಳುವ ಕೆಲಸ ಇದೊಂದೇ ಎಂದು ಅವನೇ ಎಷ್ಟೋ ಸಲ ತಮಾಷೆ ಮಾಡಿದ್ದುಂಟು. ಇಷ್ಟವಿಲ್ಲದವರ ಸರದಿ ಬಂದರೆ ಚಪ್ಪಲಿಯೊಳಗೆ ಕಾಲಿನ ಬೆರಳು ಒತ್ತಿ, ಬೇಡದ ಹೆಸರಿಗೆ ಸೂಜಿ ಏಳಿಸಿ, ಅವರನ್ನು ದಾರಿ ತಪ್ಪಿಸಿದ್ದೂ ಉಂಟು. ಅಂಥ ಸಣ್ಣ ಸೇಡುಗಳಲ್ಲಿ ಒಂದು ಸಣ್ಣ ಸುಖವಿತ್ತು. ಜನವರಿಯ ತನಕ ಇತ್ತು.

ಈ ಹುಡುಗಿಗೆ ಅವನು ಕೂರಬಾರದಿತ್ತು. ಬೆಳಿಗ್ಗೆಯಿಂದ ಅದನ್ನೇ ಲೆಕ್ಕ ಹಾಕುತ್ತಿದ್ದ. ಇನ್ನೊಬ್ಬ ಅಟೆಂಡರ್ ಈರನಿದ್ದರೆ ಅವನನ್ನು ಕೂರಿಸಿ ತಾನು ಚಹಾ ತರುವ ನೆವದಲ್ಲಿ ಪೇಟೆಗೆ ಹೋಗಬಹುದಿತ್ತು. ಆದರೆ ಈರ ಮಗಳ ಮದುವೆಗೆ ರಜೆ ಹಾಕಿದ್ದ. ಹೊಟ್ಟೆನೋವು ಅನ್ನಬಹುದಿತ್ತು. ಅನ್ನಲು ಬಾಯಿ ತೆರೆದಾಗ ಭಟ್ಕಳದಿಂದ ಬಂದ ಪರೀಕ್ಷಕ ರಮಾನಂದ ಸರ್, "ಬಾ ದಿನಕರ, ನಿನ್ನ ಬಿಟ್ರೆ ಈ ಯಂತ್ರಕ್ಕೆ ಗಿರಾಕಿ ಯಾರು?" ಎಂದು ಬೆನ್ನು ತಟ್ಟಿದರು. ದೊಡ್ಡವರು ಬೆನ್ನು ತಟ್ಟಿದರೆ ಇಲ್ಲ ಅನ್ನಲು ಬಾರದ ಜಾತಿಯವನು ಅವನು. ಅಷ್ಟು ಸಾಲದೆಂಬಂತೆ ಸರ್ ಇನ್ನೊಂದು ಮಾಡಿದರು: ಪ್ರತಿವರ್ಷದ ಹಣ್ಣು ಹೂವುಗಳ ಚೀಟಿ ಬದಿಗೆ ಸರಿಸಿ, "ಈ ಸಲ ಊರು ಇಡುವಾ," ಎಂದು ತಾವು ಬಂದ ಹೆದ್ದಾರಿಯ ಮೇಲಿನ ಐದು ಊರುಗಳ ಹೆಸರು ಬರೆದರು. ಬರೆದದ್ದು ದಿನಕರನ ಕಣ್ಣೆದುರೇ. ಭಟ್ಕಳ, ಮುರುಡೇಶ್ವರ, ಹೊನ್ನಾವರ, ಹಳದೀಪುರ, ಮಿರ್ಜಾನ. ನಾಲ್ಕನೆಯದನ್ನು ಬರೆಯುವಾಗ ಪೆನ್ನು ಬರೆಯದೆ ನಿಂತಿತು, ಸರ್ ಅದನ್ನು ಕೊಡವಿ ಮತ್ತೆ ಬರೆದರು.

ಹೊನ್ನಾವರದ ಮನೆಯಿಂದ ಕುಮಟೆಗೆ ಸ್ಕೂಟರಿನಲ್ಲಿ ಬರುವುದು ಅವನ ಅಭ್ಯಾಸ. ಜನವರಿಯ ಆ ಬೆಳಿಗ್ಗೆ ಏಳೂವರೆಗೆ, ಹಳದೀಪುರದ ಕಾಲುವೆ ಮೋರಿಯ ಹತ್ತಿರ, ಸೊಂಟದ ಮೇಲೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿನ ಬುಟ್ಟಿಗೆ ಅವನ ಸ್ಕೂಟರಿನ ಕನ್ನಡಿ ತಾಗಿತು. ತಾಗಿದ್ದು ಅಷ್ಟೇ. ಅವಳು ಹಿಂದಕ್ಕೆ ಕೂತಳು, ಕೂತವಳು ಹಿಂದಕ್ಕೆ ಮಲಗಿದಳು, ತಲೆ ಮೋರಿಯ ಕಲ್ಲಿಗೆ ಬಡಿದ ಸದ್ದು ಅಂಥ ದೊಡ್ಡದೇನೂ ಆಗಿರಲಿಲ್ಲ. ಆಮೇಲೆ ಎದ್ದೂ ಕೂತಳು. ಕೊರಳಿನ ಮಣಿಸರಗಳಲ್ಲಿ ಎರಡು ಹರಿದು ಕರಿಮಣಿ, ಕೆಂಪು ಮಣಿ ಡಾಂಬರಿನ ಮೇಲೆಲ್ಲ ಉರುಳಿದ್ದವು. "ಎಂತದೂ ಆಗ್ಲಿಲ್ಲ ತಮಾ. ಮಣಿ ಹೆಕ್ಕಿ ಕೊಡು," ಅಂದಳು. ಅವನು ಹೆಕ್ಕಿದ. ಮಣಿಸರವಿಲ್ಲದೆ ಪೇಟೆಗೆ ಕಾಲಿಡದ ಹಾಲಕ್ಕಿ ಹೆಂಗಸು, ಅವಳಿಗೆ ತಲೆಗಿಂತ ಮಣಿ ಮುಖ್ಯ. ಅವನಿಗೆ, ಮಣಿ ಹೆಕ್ಕಿ ಕೊಟ್ಟರೆ ಆದದ್ದೆಲ್ಲ ಸರಿಹೋಯಿತೆಂಬ ಸಮಾಧಾನ. ಮೊಣಕಾಲೂರಿ ಹದಿನೈದು ನಿಮಿಷ ಇಬ್ಬರೂ ಹೆಕ್ಕಿದರು. ನಗು ಕೂಡ ಬಂತು ಒಮ್ಮೆ. ಹದಿನಾರನೆಯ ನಿಮಿಷಕ್ಕೆ ಅವಳ ಮಾತು ತೊದಲಿತು, ವಾಂತಿ ಮಾಡಿದಳು, ಕಣ್ಣು ಮೇಲಕ್ಕೆ ಹೋಯಿತು. ರಿಕ್ಷಾ ನಿಲ್ಲಿಸಿ ಹೊನ್ನಾವರದ ಆಸ್ಪತ್ರೆಗೆ ಹೊತ್ತು ತಂದವನು ಅವನೇ. ಎಲ್ಲಿ ಆದದ್ದು ಎಂದು ಕೌಂಟರಿನಲ್ಲಿ ಕೇಳಿದಾಗ ಅವನ ಬಾಯಿ, "ಇಲ್ಲೇ, ಬಸ್ ಸ್ಟ್ಯಾಂಡ್ ಎದ್ರಿಗೆ. ಯಾರೋ ಹೊಡ್ದು ಹೋದ," ಅಂದಿತು. ಅವನು ಹೇಳಬೇಕೆಂದುಕೊಂಡಿರಲಿಲ್ಲ. ಕೇಳಿದ ಕೂಡಲೇ ಬಾಯಿ ಹೇಳಿ ಮುಗಿಸಿತ್ತು, ಹೇಳಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ತಿಳಿಯಲಿಲ್ಲ. ರಿಕ್ಷಾದವನಿಗೆ ಬಾಡಿಗೆ ಕೊಡಲು ಹೊರಗೆ ಬಂದವನು ಅದೇ ರಿಕ್ಷಾ ಹತ್ತಿ ಸ್ಕೂಟರಿನ ಹತ್ತಿರ ಹೋದ, ಕಾಲೇಜಿಗೆ ಒಂದು ತಾಸು ತಡವಾಗಿ ಬಂದು ಸಹಿ ಮಾಡಿದ. ಕೋರ್ಟು ಕಚೇರಿ ಅಲೆಯಲು ಮನಸ್ಸಿಲ್ಲದ ರಿಕ್ಷಾದವನೂ ಯಾರಿಗೂ ಹೇಳಲಿಲ್ಲ. ಮಧ್ಯಾಹ್ನದೊಳಗೆ ಅವಳು ಹೋದಳಂತೆ. ಲಕ್ಕಿ ಎಂಬ ಹೆಸರು ಅವನಿಗೆ ಗೊತ್ತಾದದ್ದು ಮರುದಿನದ ಪೇಪರಿನಿಂದ. ಜಯಶ್ರೀಯ ತಾಯಿ ಎಂಬುದು ಗೊತ್ತಾದದ್ದು ಹದಿನೈದು ದಿನ ಬಿಟ್ಟು, ಹುಡುಗಿ ಕ್ಲಾಸಿಗೆ ಮರಳಿ ಬಂದಾಗ.

"ಸುರು ಮಾಡ್ತೆ ಸರ್," ಅಂದಳು ಜಯಶ್ರೀ. ದಿನಕರ ಚೀಟಿ ಎತ್ತಿ ಓದಿದ. ಭಟ್ಕಳ. ಅವನು ಹುಟ್ಟಿದ ಊರು. ಒಳ್ಳೆಯದೇ ಆಯಿತು, ಅಂದುಕೊಂಡ. ತಾಯಿ ಹೆತ್ತ ಊರಿನ ಹೆಸರಿಗೆ ಮೈ ಏಳದೆ ಇನ್ಯಾವುದಕ್ಕೆ ಎದ್ದೀತು? ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನಿಗೆ ಸೂಜಿ ನಿಜಕ್ಕೇ ಏಳಲಿ ಎಂಬ ಆಸೆ ಹುಟ್ಟಿತು. ಅವಳು ಭಟ್ಕಳ ಅನ್ನುವ ಮೊದಲೇ ಅಪ್ಪನನ್ನು ನೆನೆಸಿಕೊಂಡ. ಬಂದರಿನಲ್ಲಿ ಬೋಟು ಒಳಗೆ ಬರುವಾಗ ಅಪ್ಪ ಮುಂದಿನ ತುದಿಯಲ್ಲಿ ನಿಂತು ಹಗ್ಗ ಎಸೆಯುವುದು, ಪಕ್ಕದ ಮನೆಯ ಗಲ್ಫ್‌ ಸಾಹೇಬರು ತಂದ ಅತ್ತರಿನ ಸೀಸೆಯನ್ನು ಅವ್ವ ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟು ಅನ್ನವೆಲ್ಲ ಘಮ್ಮೆಂದು ಅಪ್ಪ ತಟ್ಟೆ ಎಸೆದದ್ದು. ಎಲ್ಲ ನೆನಪಾದವು, ಒಂದಕ್ಕೂ ಮೈ ಓಗೊಡಲಿಲ್ಲ. "ಭಟ್ಕಳ," ಅಂದಳು. ಬೆನ್ನ ಹಿಂದೆ ಸೂಜಿ ನೋಡಿ ಬರೆದುಕೊಳ್ಳುವ ಅವಳ ಪೆನ್ಸಿಲ್ ಏನೋ ಸಣ್ಣದೊಂದು ಗೀಚಿತು. "ಮುರುಡೇಶ್ವರ." ಗೀಚಿತು. "ಹೊನ್ನಾವರ." ತುಸು ತಡೆದು ಗೀಚಿತು, ಆ ಹೆಸರು ಹೇಳುವಾಗ ಅವಳ ದನಿಯೇ ಒಂಚೂರು ಒಣಗಿತ್ತು, ತಾಯಿ ಬಿದ್ದದ್ದು ಅಲ್ಲೇ ಎಂದು ಅವಳಿಗೆ ಹೇಳಿದ್ದಾರಲ್ಲ. "ಹಳದೀಪುರ," ಅಂದಳು ಮಾಮೂಲು ದನಿಯಲ್ಲಿ.

ಪೆನ್ಸಿಲ್ ಗೀಚಲಿಲ್ಲ. ನಿಂತಿತು. ಬೆರಳ ತುದಿಯ ಬೆವರು ಅವನಿಗೇ ಗೊತ್ತಾಗುವಷ್ಟಿತ್ತು. ಮೈ ಹೀಗೆ ಗುಟ್ಟು ಬಿಟ್ಟುಕೊಡುವುದನ್ನು ಮನೆಯಲ್ಲಿ ಹೆಂಡತಿ ಮಾದೇವಿಯೂ ಕಂಡಿದ್ದಾಳೆ. "ಸ್ಕೂಟರಿಗೆ ಎಂತ ಆಯ್ತು?" ಎಂದು ಅವಳು ಕೇಳಿದಾಗ ಇಂಜಿನ್ ಹೋಗಿದೆ ಅಂದಿದ್ದ. "ಇಂಜಿನ್ ಹೋದದ್ದು ಸ್ಕೂಟರಿಂದೋ ನಿಮ್ದೋ? ಸುಳ್ಳು ಹೇಳೂವಾಗ ನಿಮ್ಮ ಕಿವಿ ಕೆಂಪಾತದೆ ಮಾರಾಯ್ರೆ," ಎಂದು ನಕ್ಕಿದ್ದಳು. ಅವಳು ಅಷ್ಟಕ್ಕೇ ಬಿಟ್ಟಳು. ಹೆಂಡತಿ ಬಿಟ್ಟುಕೊಟ್ಟದ್ದು ಪ್ರೀತಿಯಿಂದಲೋ ಭಯದಿಂದಲೋ ಅವನಿಗೆ ಇನ್ನೂ ತಿಳಿದಿಲ್ಲ. ಅಂದಿನಿಂದ ಬಸ್ಸು. ಬಸ್ಸಿನಲ್ಲಿ ಹಳದೀಪುರ ಬಂದಾಗ ಅವನು ಸಮುದ್ರದ ದಿಕ್ಕಿಗೆ ಮುಖ ತಿರುಗಿಸುತ್ತಾನೆ, ಸಮುದ್ರ ಅಲ್ಲಿಂದ ಕಾಣದಿದ್ದರೂ.

ಎರಡನೆಯ ಸುತ್ತು ಶುರುವಾಯಿತು. ಬಾಗಿಲಾಚೆಯ ಬೆಂಚು ಅವನಿಗೆ ಕೂತಲ್ಲಿಂದ ಕಾಣುತ್ತಿತ್ತು. ಫೆಬ್ರವರಿಯಲ್ಲಿ ಜಯಶ್ರೀಯ ಅಪ್ಪ ಹಮ್ಮ ಗೌಡ ಮಗಳ ಹಾಜರಿ ಕಡಿಮೆಯಾದ ವಿಷಯಕ್ಕೆ ಪ್ರಿನ್ಸಿಪಾಲರನ್ನು ಕಾಣಲು ಬಂದವನು ಅದರ ಮೇಲೆ ಕೂತಿದ್ದ. ಬರಿಗಾಲು, ಹಿಮ್ಮಡಿಯಲ್ಲಿ ಒಡಕು, ಒಡಕಿನಲ್ಲಿ ಡಾಂಬರು. "ನೀರು ಕೊಡ್ತ್ರೋ ಒಡ್ಯಾ?" ಎಂದು ಕೇಳಿ, ಕೇಳಿದ ಸಂಕೋಚಕ್ಕೋ ಏನೋ, ತಾನಾಗಿಯೇ ಎಲ್ಲ ಹೇಳಿದ್ದ. ಬಿದ್ದು ಸತ್ತವರ ಜೀವ ಬಿದ್ದ ಜಾಗದಲ್ಲೇ ಕೂತಿರುತ್ತದೆ, ಮನೆಗೆ ಬರುವ ದಾರಿ ಅದಕ್ಕೆ ಗೊತ್ತಿರುವುದಿಲ್ಲ. ಗಂಡನೋ ಒಡಹುಟ್ಟಿದವರೋ ಬರಿಗಾಲಲ್ಲಿ ನಡೆದುಹೋಗಬೇಕು. ಆ ಜಾಗ ಮೆಟ್ಟಿದ ಕೂಡಲೇ ಮೈ ಜುಂ ಅನ್ನುತ್ತದೆ, ರೋಮ ಏಳುತ್ತದೆ. ಅಲ್ಲಿಂದ ಒಂದು ಹಿಡಿ ಮಣ್ಣು ತಂದು ತುಳಸಿಯ ಬುಡಕ್ಕೆ ಹಾಕಿದರೆ ಜೀವ ಮನೆ ಸೇರಿತು. ಮಳೆ ಬಿದ್ದು ಮಣ್ಣು ತೊಳೆದುಹೋಗುವುದರೊಳಗೆ ತರಬೇಕು. ಆಮೇಲೆ ತಂದದ್ದು ಬರೀ ಮಣ್ಣು. ಇದು ಅವನ ಮನೆತನದ ಕ್ರಮ. "ಬಸ್ ಸ್ಟ್ಯಾಂಡ್ ಎದ್ರಿಗೆ ಅರ್ಧ ದಿನ ನಿಂತೆ ಒಡ್ಯಾ. ಮೈಗೆ ಎಂತದೂ ಆಗ್ಲಿಲ್ಲ. ಅವ್ಳು ಅಲ್ಲಿ ಬಿದ್ದದ್ದಲ್ಲ. ನಾ ರಸ್ತೆಯೆಲ್ಲ ನಡ್ದು ನೋಡ್ತೆ." ಕುಮಟೆಯಲ್ಲಿ ಸೊಪ್ಪಿಗೆ ರೇಟು ಬರದಿದ್ದರೆ ಬಸ್ಸು ಹತ್ತಿ, ಎಲ್ಲಿ ಇಳಿಯುವುದೆಂದು ಬಸ್ಸಿನಲ್ಲಿ ಕೂತ ಮೇಲೆ ನಿರ್ಧರಿಸುವ ಹೆಂಡತಿ, ಎಲ್ಲಿ ಇಳಿದಳೆಂದು ಗಂಡನಿಗೆ ಹೇಗೆ ಗೊತ್ತಾಗಬೇಕು? ದಿನಕರ ನೀರು ತರಲು ಒಳಗೆ ಹೋದ. ಸಿಂಕಿನ ಮುಂದೆ ನಿಂತು ಲೋಟವನ್ನು ತೊಳೆದ, ಮತ್ತೆ ತೊಳೆದ. ಹೊರಗೆ ಬಂದಾಗ ಬೆಂಚು ಖಾಲಿಯಿತ್ತು. ಆ ನೀರನ್ನು ತಾನೇ ಕುಡಿದ. ಅಲ್ಲಿಂದೀಚೆಗೆ ಪ್ರತಿ ರವಿವಾರ ಹೆದ್ದಾರಿಯ ಅಂಚಿನಲ್ಲಿ ನಡೆಯುವ ಹಮ್ಮನನ್ನು ಊರವರು ನೋಡುತ್ತಾರೆ. ಬಸ್ಸಿನಲ್ಲಿ ಯಾರೋ ಅವನಿಗೆ ತಲೆ ಕೆಟ್ಟಿದೆ ಎಂದದ್ದನ್ನು ದಿನಕರನೂ ಕೇಳಿದ್ದಾನೆ, ಕೇಳಿ ಸುಮ್ಮನೆ ಟಿಕೆಟ್ ಮಡಚಿದ್ದಾನೆ.

ಮೂರನೆಯ ಸುತ್ತಿನಲ್ಲಿ ಅವಳು ಹೆಸರುಗಳ ಕ್ರಮ ಬದಲಿಸಿದಳು. ಹಳದೀಪುರವನ್ನು ಮೊದಲಿಗೆ ಇಟ್ಟಳು. ಅದೂ ಸರಿ, ಒಳ್ಳೆಯ ವಿದ್ಯಾರ್ಥಿ ಹಾಗೇ ಮಾಡಬೇಕು. ಅವನೇ ಎಷ್ಟೋ ಜನರಿಗೆ ಹಾಗೆ ಮಾಡಲು ಗುಟ್ಟಾಗಿ ಹೇಳಿಕೊಟ್ಟಿದ್ದಾನೆ. ಪೆನ್ಸಿಲ್ ಮತ್ತೆ ನಿಂತಿತು. "ಆತು ಸರ್," ಅಂದಳು. "ಅವ್ರ ಚೀಟಿ ಹಳದೀಪುರ."

ರಮಾನಂದ ಸರ್ ಕೈ ಚಾಚಿದರು. ದಿನಕರ ಜೇಬಿನಿಂದ ಚೀಟಿ ತೆಗೆದ. ಅದನ್ನು ನುಂಗಿಬಿಡುವ ಒಂದು ಹುಚ್ಚು ಯೋಚನೆ ಬಂದು ಹೋಯಿತು. "ಭಟ್ಕಳ," ಎಂದು ಸರ್ ಓದಿದರು. ಓದಿ, ತಮ್ಮ ಊರೇ ಬಂದ ಖುಷಿಗೆ ನಕ್ಕರು. "ಅಲ್ಲ ದಿನಕರ, ಹಳದೀಪುರ ಅಂದ್ರೆ ಸೂಜಿ ಹಾರಿ ಬೀಳ್ತದೆ. ಎಂತ ಕತೆ? ಅಲ್ಲಿ ಯಾರನ್ನಾದ್ರೂ ಇಟ್ಕಂಡಿದ್ಯೋ?" ಸಾಲಿನಲ್ಲಿ ನಿಂತ ಹುಡುಗರು ಕಿಸಕ್ಕೆಂದರು. ದಿನಕರನೂ ನಕ್ಕ. ಎಲ್ಲರಿಗಿಂತ ಒಂದು ಕ್ಷಣ ಹೆಚ್ಚೇ ನಕ್ಕ, ಕೊನೆಗೆ ಅವನ ನಗು ಒಂದೇ ಉಳಿಯಿತು. ಜಯಶ್ರೀ ನಕ್ಕಿರಲಿಲ್ಲ. "ಸರ್, ಯಂತ್ರ ತಪ್ಪಿಲ್ಲ. ಮೂರು ಸುತ್ತಲ್ಲೂ ಅಲ್ಲೇ ಎದ್ದದೆ. ಕ್ರಮ ಬದಲ್ಸಿದ್ರೂ ಎದ್ದದೆ," ಅಂದಳು. "ಪ್ರಶ್ನೆ ಚೀಟಿದು ಮಗಾ, ಅವ್ನ ಮನಸ್ಸಿಂದಲ್ಲ," ಎಂದು ಸರ್ ಪ್ರೀತಿಯಿಂದಲೇ ಹೇಳಿ, ಅರ್ಧ ಅಂಕ ಹಾಕಿ ಮುಂದಿನವರನ್ನು ಕರೆದರು. ಅವಳು ಕಾಗದ ಮಡಚಿಕೊಂಡು ಹೋದಳು. ಬಾಗಿಲಲ್ಲಿ ಒಮ್ಮೆ ನಿಂತು ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು. ಅವನಿಗೆ ಹೆದರಿಕೆಯಾಯಿತು.

ಒಂದೂವರೆಗೆ ಸರ್ ಊಟಕ್ಕೆ ಹೋದರು. ಲ್ಯಾಬು ಖಾಲಿಯಾಯಿತು. ದಿನಕರ ಸ್ಪಿರಿಟ್ ಹತ್ತಿಯಿಂದ ಪಟ್ಟಿಗಳನ್ನು ಒರೆಸುತ್ತಿದ್ದ. ಪಡುವಣದಲ್ಲಿ ಮೋಡ ಕಟ್ಟಿತ್ತು. ಇನ್ನು ನಾಲ್ಕಾರು ದಿನಕ್ಕೆ ಮಳೆ ಹಿಡಿಯುತ್ತದೆಂದು ಬೆಳಿಗ್ಗೆ ಬಸ್ಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಹಿಡಿದುಬಿಟ್ಟರೆ ಮುಗಿಯಿತು, ಹಮ್ಮ ನಡೆಯುವುದನ್ನು ಬಿಡುತ್ತಾನೆ, ಎಂದು ಅವನ ಮನಸ್ಸಿನ ಯಾವುದೋ ಮೂಲೆ ಫೆಬ್ರವರಿಯಿಂದ ಮಳೆಗಾಗಿ ಕಾದು ಕೂತಿತ್ತು. ತನ್ನ ಮನಸ್ಸಿನಲ್ಲಿ ಅಂಥ ಮೂಲೆಯಿದೆ ಎಂಬುದು ಅವನಿಗೆ ಅಸಹ್ಯ ತರಿಸುತ್ತಿತ್ತು, ಆದರೂ ಮೋಡ ಕಂಡಾಗ ಎದೆ ಹಗುರಾಗುವುದನ್ನು ತಡೆಯಲಾಗುತ್ತಿರಲಿಲ್ಲ. ತಿರುಗಿ ನೋಡಿದರೆ ಜಯಶ್ರೀ ಬಂದು ಸ್ಟೂಲಿನ ಪಕ್ಕ ನಿಂತಿದ್ದಳು.

"ದಿನಕರಣ್ಣ, ನೀವು ಬಸ್ಸಲ್ಲಿ ಬರೂಕೆ ಸುರು ಮಾಡಿದ್ದು ಜನವರಿಯಿಂದ ಅಲ್ದಾ?"

ಅವನು ಪಟ್ಟಿ ಒರೆಸಿದ.

"ಮುಂಚೆ ನಂಗೆ ಪ್ರಾಕ್ಟಿಕಲ್ ಹಾಳೆ ಹತ್ತು ಸಲ ಕೇಳಿದ್ರೂ ಕೊಡ್ತಿರ್ಲಿಲ್ಲ. ಈಗ ಕೇಳದ್ದೇ ಕೊಡ್ತ್ರಿ. ಅವ್ವಿ ಹೋದ್ಲು ಅಂತ ಪಾಪ ಕಂಡು ಕೊಡ್ತ್ರಿ ಅಂತ ಮಾಡಿದ್ದೆ." ಅವಳ ದನಿ ಲ್ಯಾಬಿನಲ್ಲಿ ಹೆಸರು ಓದಿದ ದನಿಯಂತೆಯೇ ಸಮವಾಗಿತ್ತು. "ಅವ್ವಿ ಹಳದೀಪುರಕ್ಕೆ ಹೋದದ್ದು ಅಂತ ಯಾರೂ ಹೇಳ್ಳಿಲ್ಲ. ಪೇಪರಲ್ಲೂ ಹೊನ್ನಾವರ ಅಂತಲೇ ಇತ್ತು. ಪಾಪ ಕಂಡವ್ರಿಗೆ ಹೊನ್ನಾವರ ಅಂದ್ರೆ ಸೂಜಿ ಏಳ್ಬೇಕಿತ್ತು."

ಎಷ್ಟು ಸರಿಯಾಗಿ ಕಲಿತಿದ್ದಾಳೆ, ಅನ್ನಿಸಿತು ಅವನಿಗೆ. ಅದೊಂದು ವಿಚಿತ್ರ ಹೆಮ್ಮೆ. ಅರ್ಧ ಅಂಕ ಹಾಕಿದ ರಮಾನಂದ ಸರ್ ಮೇಲೆ ಸಿಟ್ಟು ಕೂಡ ಬಂತು.

"ಯಾರು ಅಂತ ನಾ ಕೇಳೂದಿಲ್ಲ. ಎಲ್ಲಿ ಅಂತ ಹೇಳಿ ಸಾಕು. ಹಳದೀಪುರದಲ್ಲಿ ಎಲ್ಲಿ?"

ಅಂದು ಕೌಂಟರಿನಲ್ಲಿ ಕೇಳಿದ ಕೂಡಲೇ ಹೇಳಿ ಮುಗಿಸಿದ್ದ ಬಾಯಿ ಈಗ ಸತ್ತಂತೆ ಬಿದ್ದಿತ್ತು. ಅವಳು ಅವನ ಕೈಯಿಂದ ಹತ್ತಿ ತೆಗೆದಿಟ್ಟು, ಮಣಿಕಟ್ಟು ಹಿಡಿದು ನಾಡಿಯ ಮೇಲೆ ಮೂರು ಬೆರಳಿಟ್ಟಳು. "ಬಾಯಿ ಬಿಡ್ಬೇಡಿ. ನಾ ಹೇಳ್ತಾ ಹೋಗ್ತೆ," ಅಂದಳು. ಅವಳ ಬೆರಳು ತಣ್ಣಗಿತ್ತು. ಅವನಿಗೆ ಒಂದು ದೊಡ್ಡ ಬಿಡುಗಡೆ ಎದುರಿಗೆ ಬಂದು ನಿಂತಂತಾಯಿತು: ತಾನು ಏನೂ ಮಾಡಬೇಕಿಲ್ಲ, ಮೈಯೇ ಹೇಳಿಬಿಡುತ್ತದೆ, ಹೇಳಿದ್ದು ತಾನಲ್ಲ ಎಂದು ನಾಳೆ ಯಾರ ಮುಂದೆಯೂ ಅನ್ನಬಹುದು. ಕಣ್ಣು ಮುಚ್ಚಿಕೊಂಡ. "ಬಸ್ಸು ನಿಲ್ಲೂ ಜಾಗ," ಅಂದಳು. "ಶಾಲೆ ಎದ್ರಿಗೆ. ಅಕ್ಕಿ ಗಿರಣಿ. ಕಾಲುವೆ ಮೋರಿ. ತೆಂಗಿನ ತೋಟದ ಗೇಟು." ಮತ್ತೊಮ್ಮೆ ಹೇಳಿದಳು, ಕ್ರಮ ಬದಲಿಸಿ. ಅವನು ಕಾದ. ಹೇಳು, ಹೇಳು, ಎಂದು ತನ್ನ ರಕ್ತಕ್ಕೇ ಹೇಳಿಕೊಂಡ.

ಅವಳು ಕೈ ಬಿಟ್ಟಳು. "ಆಗೂದಿಲ್ಲ," ಅಂದಳು. "ಎಲ್ಲದಕ್ಕೂ ಒಂದೇ ಸಮ ಓಡ್ತದೆ. ನೀವು ಹೆದ್ರಿದ್ರಿ."

ಚೀಲ ಹೆಗಲಿಗೆ ಹಾಕಿಕೊಂಡಳು. ಹೊರಗೆ ಹೋದಳು. ಅವಳು ಅಳುತ್ತಾಳೆ, ಕೂಗುತ್ತಾಳೆ, ಪ್ರಿನ್ಸಿಪಾಲರನ್ನು ಕರೆಯುತ್ತಾಳೆ ಎಂದು ಅವನು ಕಾದಿದ್ದ. ಅವಳು ವರಾಂಡದಲ್ಲಿ ಹಾಗೇ ನಡೆಯುತ್ತಿದ್ದಳು, ಅರ್ಧ ಅಂಕ ಬಂದ ಯಾವ ವಿದ್ಯಾರ್ಥಿಯಾದರೂ ನಡೆಯುವ ಹಾಗೆ. ಮೆಟ್ಟಿಲ ತನಕ ಹೋದಳು. ಒಂದು ಮೆಟ್ಟಿಲು ಇಳಿದಳು.

"ಮೋರಿ," ಅಂದ ದಿನಕರ.

ದನಿ ಹೊರಬಂದದ್ದು ಅವನಿಗೇ ನಂಬಿಕೆಯಾಗಲಿಲ್ಲ. ಅವಳು ನಿಂತಳು. ಅವನು ಬಾಗಿಲ ತನಕ ಬಂದ. "ಕಾಲುವೆ ಮೋರಿ. ಕುಮಟೆಗೆ ಬರೂವಾಗ ಎಡಬದಿ. ಬೆಳಿಗ್ಗೆ ಏಳೂವರೆ," ಅಂದ. ಅಷ್ಟೇ ಸಾಕೆಂದು ಅವಳೇ ಹೇಳಿದ್ದಳು, ಅವನಿಗೂ ಅಷ್ಟೇ ಸಾಕಾಗಿತ್ತು. ಆದರೆ ಬಾಯಿ ಮುಚ್ಚುವುದರೊಳಗೆ ಉಳಿದದ್ದೂ ಬಂತು. "ನನ್ನ ಸ್ಕೂಟರು. ನಾನು."

ಜಯಶ್ರೀ ಮೆಟ್ಟಿಲ ಮೇಲೆ ಕೂತಳು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಮೈದಾನದ ಕಡೆ ನೋಡಿದಳು. ಮಾತಾಡಿದಾಗ ಅವನಿಗೆ ಹೇಳುತ್ತಿದ್ದಂತೆ ಇರಲಿಲ್ಲ.

"ಅಪ್ಪ ಆ ಮೋರಿ ಮೇಲೇ ಕೂತು ಬುತ್ತಿ ಉಣ್ಣೂದು. ಪ್ರತಿ ರವಿವಾರ. ನಡ್ದು ನಡ್ದು ಸಾಕಾತದೆ, ಆದ್ರೆ ಅಲ್ಲಿ ಕೂತ್ರೆ ಕಾಲುನೋವು ಇಳೀತದೆ, ಕಣ್ಣು ಎಳೀತದೆ, ಒಂದು ಗಳಿಗೆ ಮಲಗೂವಾ ಅನ್ಸ್ತದೆ ಅಂತ ಮನೆಗೆ ಬಂದು ಹೇಳ್ತ." ಅವಳ ದನಿ ಈಗ ಮುರಿಯಿತು. "ಮೈ ಜುಂ ಅನ್ಬೇಕು ಅಂತ ಅಲ್ದಾ ನಾವು ಕಾದದ್ದು. ಅಲ್ಲಿ ಎಂತದೂ ಆಗೂದಿಲ್ಲ ಅಂತ ಎದ್ದು ಮುಂದೆ ಹೋಗ್ತಿದ್ದ."

ದಿನಕರ ಚೌಕಟ್ಟು ಹಿಡಿದು ನಿಂತಿದ್ದ. ಅಳು ಬಂತು. ಅದು ತನ್ನ ಮೇಲಿನ ಕನಿಕರದಿಂದ ಬಂದದ್ದಲ್ಲವೆಂದು ಅವನಿಗೆ ತಿಳಿಯಿತು, ಐದು ತಿಂಗಳಲ್ಲಿ ಅಂಥದ್ದು ಇದೇ ಮೊದಲು.

ಅವಳು ಮುಖ ಒರೆಸಿಕೊಂಡು ಎದ್ದಳು. "ನಾಳೆ ಏಳೂವರೆಗೆ ಅಲ್ಲಿಗೆ ಬನ್ನಿ. ಅಪ್ಪನ ಎದ್ರಿಗೆ ನಿಂತು ಜಾಗ ತೋರ್ಸಿ. ನಾ ಎಂತದೂ ಹೇಳೂದಿಲ್ಲ, ನೀವೇ ಹೇಳ್ಬೇಕು," ಅಂದಳು.

"ಆತು," ಅಂದ ದಿನಕರ.